ಆನೆ ಅಡ್ಡ ಬರದಿದ್ದರೆ ಮೂರು ಗಂಟೆ ಉಳಿಯುತ್ತದೆ: ಕೊಡಗಿನವರಿಗೊಂದು ಏರ್‌ಪೋರ್ಟ್ ಲೌಂಜ್ ಕೈಪಿಡಿ

ಗೋಣಿಕೊಪ್ಪಲಿನಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟುಕೊಂಡವನಿಗೆ ವಾರಕ್ಕೆ ಎರಡು ಸಲವಾದರೂ ಬರುವ ಫೋನ್ ಒಂದಿದೆ. "ಅಣ್ಣಾ, ಏರ್‌ಪೋರ್ಟಿಗೆ ಬಂದು ಮುಟ್ಟಿದೆವು. ಫ್ಲೈಟಿಗೆ ಇನ್ನೂ ಮೂರೂವರೆ ಗಂಟೆ ಇದೆ. ಎಲ್ಲಿ ಕೂರೋದು ಈಗ?"

ತಪ್ಪು ಅವರದ್ದಲ್ಲ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಇಲ್ಲಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು 270 ಕಿಲೋಮೀಟರ್. ತಿತಿಮತಿ ದಾಟಿದ ಮೇಲೆ ಆನೆಚೌಕೂರು ಕಾಡಿನಲ್ಲಿ ಆನೆ ರಸ್ತೆಗೆ ಬಂದರೆ ಎಂದು ಅರ್ಧ ಗಂಟೆ, ಮಂಜು ಇದ್ದರೆ ಎಂದು ಇನ್ನರ್ಧ ಗಂಟೆ, ಬೆಂಗಳೂರಿನ ಟ್ರಾಫಿಕ್ಕಿಗೆ ಎಂದು ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಂಡೇ ಮನೆ ಬಿಡುತ್ತೇವೆ. ಆನೆಯೂ ಬರಲಿಲ್ಲ, ಮಂಜೂ ಇಲ್ಲ, ಹೆಬ್ಬಾಳವೂ ಖಾಲಿ ಅಂತಾದರೆ ಅಷ್ಟೂ ಹೊತ್ತನ್ನು ಗೇಟಿನ ಮುಂದಿನ ಕುರ್ಚಿಯಲ್ಲಿ ಕಳೆಯಬೇಕು. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವವರದ್ದು ಸಂಪಾಜೆ ಘಾಟಿಯ ಲೆಕ್ಕ. 2018ರ ಆಗಸ್ಟ್‌ನಲ್ಲಿ ಆ ರಸ್ತೆ ಕುಸಿದದ್ದನ್ನು ಕಂಡವರು ಮಳೆಗಾಲದಲ್ಲಿ ಅರ್ಧ ದಿನ ಮೊದಲೇ ಹೊರಡುತ್ತಾರೆ. ವಿರಾಜಪೇಟೆಯವರಿಗೆ ಕಣ್ಣೂರು ಹತ್ತಿರ. 2018ರ ಡಿಸೆಂಬರ್ 9ರಂದು ಮಟ್ಟನೂರಿನಲ್ಲಿ ನಿಲ್ದಾಣ ತೆರೆದ ಮೇಲೆ ಮಾಕುಟ್ಟ, ಇರಿಟ್ಟಿ ದಾರಿಯಲ್ಲಿ 60 ಕಿಲೋಮೀಟರಿನೊಳಗೆ ತಲುಪುತ್ತಾರೆ. ಆದರೆ ಜೂನ್, ಜುಲೈಯಲ್ಲಿ ಮಾಕುಟ್ಟವನ್ನೂ ನಂಬುವ ಹಾಗಿಲ್ಲ.

ಹೀಗಾಗಿ ಲೌಂಜ್, ಅಂದರೆ ನಿಲ್ದಾಣದೊಳಗೆ ಕೂತು ತಿಂದುಂಡು ಕಾಯುವ ಕೋಣೆ, ಬೆಂಗಳೂರಿನವರಿಗೆ ಶೋಕಿ ಇರಬಹುದು, ನಮಗೆ ಅದು ಉಳಿದ ಮೂರು ಗಂಟೆಗೊಂದು ಜಾಗ. ಈ ಲೆಕ್ಕದಲ್ಲೇ ಕೆಳಗಿನದ್ದನ್ನು ಓದಿಕೊಳ್ಳಿ.

ಯಾರಿಗೆ ಬಾಗಿಲು ತೆರೆಯುತ್ತದೆ

ಮೊದಲು ಒಂದು ತಪ್ಪು ಕಲ್ಪನೆ. ಬಿಸಿನೆಸ್ ಕ್ಲಾಸ್ ಲೌಂಜ್ ಅಂದರೆ ಆಯಾ ವಿಮಾನ ಕಂಪನಿಯ ಸ್ವಂತ ಕೋಣೆ ಅಂತ ಜನ ತಿಳಿದಿದ್ದಾರೆ. ನಮ್ಮ ದೇಶದೊಳಗಿನ ಪ್ರಯಾಣಕ್ಕೆ ಹೆಚ್ಚಿನ ಕಡೆ ಹಾಗಿಲ್ಲ. ಲೌಂಜ್ ನಡೆಸುವವರು ಬೇರೆ, ವಿಮಾನ ಕಂಪನಿ ತನ್ನ ಬಿಸಿನೆಸ್ ಕ್ಲಾಸ್ ಪ್ರಯಾಣಿಕರನ್ನು ದುಡ್ಡು ಕೊಟ್ಟು ಅಲ್ಲಿಗೆ ಕಳಿಸುತ್ತದೆ. ಅದೇ ಬಾಗಿಲಲ್ಲಿ ಬ್ಯಾಂಕ್ ಕಾರ್ಡಿನವರೂ ಬರುತ್ತಾರೆ, ಕೌಂಟರಿನಲ್ಲಿ ದುಡ್ಡು ಕಟ್ಟಿದವರೂ ಬರುತ್ತಾರೆ. ಕೆಲವು ಕಡೆ ಬಿಸಿನೆಸ್ ಕ್ಲಾಸಿನವರಿಗೆ ಒಳಗೊಂದು ಮೂಲೆ ಬೇರೆ ಮಾಡಿರುತ್ತಾರೆ, ಕೆಲವು ಕಡೆ ಅದೂ ಇಲ್ಲ.

ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದರೆ ಕೆಲಸ ಸುಲಭ: ಚೆಕ್-ಇನ್ ಕೌಂಟರಿನಲ್ಲಿ ಲೌಂಜ್ ಚೀಟಿ ಕೊಡುತ್ತಾರೆ, ಇಲ್ಲದಿದ್ದರೆ ಬೋರ್ಡಿಂಗ್ ಪಾಸನ್ನೇ ಬಾಗಿಲಲ್ಲಿ ಸ್ಕ್ಯಾನ್ ಮಾಡುತ್ತಾರೆ. ಆದರೆ ಆ ಟಿಕೆಟ್ ಎಲ್ಲ ವಿಮಾನದಲ್ಲೂ ಸಿಗುವುದಿಲ್ಲ. ಮೈಸೂರಿನ ಮಂಡಕಳ್ಳಿಯಂಥ ಸಣ್ಣ ನಿಲ್ದಾಣಕ್ಕೆ ಬರುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ಎಲ್ಲರದ್ದೂ ಒಂದೇ ದರ್ಜೆ. ಇನ್ನು ಅಗಲದ ಸೀಟು ಅಂತ ಹೆಚ್ಚು ದುಡ್ಡು ತೆಗೆದುಕೊಂಡರೂ ಅದರ ಜೊತೆ ಲೌಂಜ್ ಸೇರಿದೆ ಅಂತ ತಿಳಿಯಬೇಡಿ. ಟಿಕೆಟಿನಲ್ಲಿ ಏನೇನು ಸೇರಿದೆ ಅನ್ನುವ ಪಟ್ಟಿಯಲ್ಲಿ 'ಲೌಂಜ್' ಪದ ಕಂಡರೆ ಮಾತ್ರ ಇದೆ.

ಉಳಿದವರಿಗೆ ಕಾರ್ಡೇ ಗತಿ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಜಗಳ ಆಗುವುದೆಲ್ಲ ಇಲ್ಲೇ. ಕಾರ್ಡ್ ಉಜ್ಜಿದಾಗ ಎರಡು ರೂಪಾಯಿ, ಕೆಲವು ಕಾರ್ಡಿಗೆ ಇಪ್ಪತ್ತೈದು ರೂಪಾಯಿ ಕಟ್ಟಾಗುತ್ತದೆ. ಅದು ಊಟದ ಬೆಲೆ ಅಲ್ಲ, ಕಾರ್ಡ್ ಜೀವಂತ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ. ನಿಜವಾದ ಬಿಲ್ಲನ್ನು ಪ್ರತಿ ತಲೆಗೆ ಇಷ್ಟು ಅಂತ ಬ್ಯಾಂಕು ಲೌಂಜಿಗೆ ಕೊಡುತ್ತದೆ. ಬಹಳ ಸಲ ನಡುವೆ ಒಬ್ಬ ಮಧ್ಯವರ್ತಿಯೂ ಇರುತ್ತಾನೆ. ಬ್ಯಾಂಕುಗಳು ಕೇಳಿದವರಿಗೆಲ್ಲ ಕಾರ್ಡ್ ಹಂಚಿ ಲೌಂಜ್‌ಗಳ ಮುಂದೆ ಸಾಲು ಬೆಳೆದ ಮೇಲೆ, ಖರ್ಚು ಕಂಡು ಅವರೇ ಹಿಂದೆ ಸರಿದರು. ಈಗ ಅನೇಕ ಕಾರ್ಡುಗಳಲ್ಲಿ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಈ ಮೂರು ತಿಂಗಳಲ್ಲಿ ಪ್ರವೇಶ. 2025ರ ಸೆಪ್ಟೆಂಬರಿನಲ್ಲಿ ದೊಡ್ಡ ಮಧ್ಯವರ್ತಿ ಕಂಪನಿಯೊಂದು ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿತು. ಅಂದರೆ ಹೋದ ವರ್ಷ ನಡೆದ ಕಾರ್ಡ್ ಈ ವರ್ಷ ನಡೆಯಲೇಬೇಕು ಅಂತಿಲ್ಲ.

ನನ್ನದೇ ಅನುಭವ. ಎರಡು ವರ್ಷದ ಹಿಂದೆ ಅಕ್ಕನನ್ನು ದೆಹಲಿಗೆ ಕರೆದುಕೊಂಡು ಹೋಗುವಾಗ ಒಂದು ಲೌಂಜಿನ ಮುಂದೆ ಇಪ್ಪತ್ತೈದು ನಿಮಿಷ ಸಾಲಿನಲ್ಲಿ ನಿಂತೆ. ಕಾರ್ಡ್ ಕೊಟ್ಟೆ, ಯಂತ್ರ ಒಂದು ಸಲ ಕೀಂ ಅಂದಿತು, ಹುಡುಗಿ ತಲೆಯಾಡಿಸಿದಳು. ಹಿಂದಿನ ಮೂರು ತಿಂಗಳು ಕಾಳುಮೆಣಸು ಕೊಯ್ಲಿನ ಗಡಿಬಿಡಿಯಲ್ಲಿ ಆ ಕಾರ್ಡನ್ನು ನಾನು ಮುಟ್ಟಿಯೇ ಇರಲಿಲ್ಲ. ಅಕ್ಕ ಹಿಂದಿನಿಂದ, "ಬಿಡು ಮಾರಾಯ, ಬುತ್ತಿಯಲ್ಲಿ ಒಟ್ಟಿ ಇದೆ," ಅಂದಳು. ಒಟ್ಟಿ ಅಂದರೆ ನಮ್ಮ ಅಕ್ಕಿ ರೊಟ್ಟಿ. ಟಿಕೆಟ್ ಮಾಡುವವನ ಮರ್ಯಾದೆ ಅಲ್ಲಿಗೆ ಮುಗಿಯಿತು.

ಮನೆ ಬಿಡುವ ಮುಂಚೆ

ಹಿಂದಿನ ದಿನವೇ ಬ್ಯಾಂಕಿನ ಆ್ಯಪ್ ತೆರೆದು ಮೂರು ವಿಷಯ ನೋಡಿಕೊಳ್ಳಿ: ಈ ಮೂರು ತಿಂಗಳಿಗೆ ಎಷ್ಟು ಪ್ರವೇಶ ಬಾಕಿ, ನೀವು ಹೋಗುವ ಟರ್ಮಿನಲ್ಲಿನ ಲೌಂಜ್ ಪಟ್ಟಿಯಲ್ಲಿದೆಯೇ, ಜೊತೆಗಿರುವವರಿಗೆ ಪ್ರವೇಶ ಇದೆಯೇ. ಕೊನೆಯದ್ದಕ್ಕೆ ಬಹಳ ಸಲ 'ಇಲ್ಲ' ಅಂತಲೇ ಉತ್ತರ. ಒಂದು ಕಾರ್ಡಿಗೆ ಒಬ್ಬರು. ಗಂಡನ ಕಾರ್ಡಿನಲ್ಲಿ ಹೆಂಡತಿ ಹೋಗುವ ಹಾಗಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ ಕೇಳುವುದಿಲ್ಲ. ಕೆಲವು ಬ್ಯಾಂಕುಗಳು ಈಗ ಕಾರ್ಡ್ ಉಜ್ಜುವ ಬದಲು ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ತೆಗೆದು ತೋರಿಸಿ ಅನ್ನುತ್ತವೆ. ಅದನ್ನು ಮನೆಯ ನೆಟ್‌ವರ್ಕಿನಲ್ಲೇ ತೆಗೆದು ಇಟ್ಟುಕೊಳ್ಳಿ. ಮನೆಯಲ್ಲಿ ನೆಟ್‌ವರ್ಕ್ ಎಲ್ಲಿದೆ ಅಂತ ನೀವು ಕೇಳಿದರೆ, ಪೇಟೆಗೆ ಬಂದಾಗ ತೆಗೆದುಕೊಳ್ಳಿ ಅಂತಲೇ ನನ್ನ ಉತ್ತರ.

ಹೆಸರಿನ ವಿಷಯ. ನಮ್ಮಲ್ಲಿ ಆಧಾರಿನಲ್ಲಿ ಮನೆ ಹೆಸರು ಪೂರ್ತಿ ಇರುತ್ತದೆ, ಕಾರ್ಡಿನಲ್ಲಿ ಅದು ಒಂದಕ್ಷರಕ್ಕೆ ಇಳಿದಿರುತ್ತದೆ, ಟಿಕೆಟಿನಲ್ಲಿ ಮನೆ ಹೆಸರೇ ಮೊದಲ ಹೆಸರಾಗಿ ಕೂತಿರುತ್ತದೆ. ಬೋರ್ಡಿಂಗ್ ಪಾಸಿನ ಹೆಸರೂ ಕಾರ್ಡಿನ ಹೆಸರೂ ತೀರಾ ಬೇರೆ ಕಂಡರೆ ಲೌಂಜ್ ಬಾಗಿಲಲ್ಲಿ ಪ್ರಶ್ನೆ ಬರುತ್ತದೆ. ಟಿಕೆಟ್ ಮಾಡಿಸುವಾಗಲೇ ಆಧಾರ್ ಮುಂದಿಟ್ಟು ಅಕ್ಷರ ಅಕ್ಷರ ಹೇಳಿ.

ಟರ್ಮಿನಲ್ ನಂಬರ್ ಡ್ರೈವರಿಗೆ ಮೊದಲೇ ಹೇಳಿಬಿಡಿ. ಬೆಂಗಳೂರಿನಲ್ಲಿ ಇಂಡಿಗೋದ ದೇಶದೊಳಗಿನ ವಿಮಾನಗಳು ಒಂದನೇ ಟರ್ಮಿನಲ್, ಏರ್ ಇಂಡಿಯಾ ಎರಡನೆಯದು. ಬದಲಾಗುವುದೂ ಉಂಟು, ಟಿಕೆಟಿನಲ್ಲಿ ಟಿ1 ಅಥವಾ ಟಿ2 ಅಂತ ಬರೆದಿರುತ್ತದೆ. ಒಂದರ ಸೆಕ್ಯುರಿಟಿ ದಾಟಿದ ಮೇಲೆ ಇನ್ನೊಂದರ ಲೌಂಜಿಗೆ ಹೋಗುವ ದಾರಿ ಇಲ್ಲ.

ಬ್ಯಾಗನ್ನು ಇನ್ನೊಮ್ಮೆ ಬಿಚ್ಚಿ

ದೇಶದೊಳಗಿನ ಲೌಂಜ್‌ಗಳು ಸೆಕ್ಯುರಿಟಿ ದಾಟಿದ ಮೇಲೆಯೇ ಇರುವುದು. ಸೆಕ್ಯುರಿಟಿಯಲ್ಲಿ ಸಿಕ್ಕಿಹಾಕಿಕೊಂಡರೆ ಲೌಂಜಿನ ಮಾತೇ ಬೇಡ. ಕೊಡಗಿನವರು ಸಿಕ್ಕಿಹಾಕಿಕೊಳ್ಳುವ ರೀತಿಯೇ ಬೇರೆ.

ಮೊದಲನೆಯದು ತೋಟ, ಕಾಫಿ ತೋಟ ಅಲ್ಲ, ಕೋವಿಯ ಗುಂಡು. ಸೆಪ್ಟೆಂಬರ್ ಮೊದಲ ವಾರ ಆಯುಧಗಳ ಹಬ್ಬ ಕೈಲ್ ಪೊಳ್ದ್ ಮುಗಿಸಿ, ತೆಂಗಿನಕಾಯಿಗೆ ಗುಂಡು ಹೊಡೆದ ಜಾಕೆಟನ್ನೇ ಹಾಕಿಕೊಂಡು ಹೊರಡುವವರಿದ್ದಾರೆ. ಜೇಬಿನ ಮೂಲೆಯಲ್ಲಿ ಒಂದೇ ಒಂದು ತೋಟ ಉಳಿದಿದ್ದರೂ ಎಕ್ಸ್‌ರೇಯಲ್ಲಿ ಕಾಣುತ್ತದೆ, ಪೊಲೀಸರಿಗೆ ಒಪ್ಪಿಸುತ್ತಾರೆ, ವಿಮಾನ ಹೋಗುತ್ತದೆ. ಊರಿನಲ್ಲಿ ಕೋವಿಗೆ ಪರವಾನಗಿ ವಿನಾಯಿತಿ ಇರುವುದು ಬೇರೆ ಮಾತು, ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ರತಿ ಜೇಬನ್ನೂ ಒಳಮೈ ಹೊರಗೆ ಮಾಡಿ ನೋಡಿ. ಮದುವೆಗೆ ಕೊಡವ ಉಡುಪು ಕುಪ್ಯ ಚೇಲೆ ಒಯ್ಯುವವರು ಅದರ ಜೊತೆಯ ಪೀಚೆಕತ್ತಿಯನ್ನು ಚೆಕ್-ಇನ್ ಬ್ಯಾಗಿಗೇ ಹಾಕಬೇಕು. ಬೆಳ್ಳಿಯದ್ದು, ಅಜ್ಜನ ಕಾಲದ್ದು ಅಂದರೂ ಕ್ಯಾಬಿನ್ನಿನಲ್ಲಿ ಕತ್ತಿ ಕತ್ತಿಯೇ.

ಎರಡನೆಯದು ತಿನ್ನುವ ಸಾಮಾನು. ಎಣ್ಣೆ ತೇಲುವ ಪಂದಿ (ಹಂದಿ) ಉಪ್ಪಿನಕಾಯಿ, ಖಾರದ ಪುಡಿ, ಕಾಚಂಪುಳಿ ಎಂಬ ಹುಳಿ ರಸದ ಬಾಟಲಿ ಎಲ್ಲ ಚೆಕ್-ಇನ್ ಬ್ಯಾಗಿಗೆ, ಎರಡು ಕವರಿನೊಳಗೆ ಹಾಕಿ, ನಡುವೆ ಹಳೆಯ ಟವೆಲ್ ಸುತ್ತಿ. ಮನೆ ವೈನನ್ನು ಕೈಚೀಲದಲ್ಲಿ ತರಬೇಡಿ, ತೆಗೆದಿಡುತ್ತಾರೆ. ಕೊಬ್ಬರಿ ಎರಡೂ ಬ್ಯಾಗಿನಲ್ಲಿ ನಿಷಿದ್ಧ, ಎಣ್ಣೆಯಂಶ ಹೆಚ್ಚಿದ್ದು ಬೆಂಕಿ ಹತ್ತಬಹುದು ಎಂಬ ಕಾರಣಕ್ಕೆ. ಕಾಫಿ ಪುಡಿಗೆ ತೊಂದರೆ ಇಲ್ಲ, ಪ್ಯಾಕೆಟ್ ಬಿಚ್ಚಿ ತೋರಿಸಿ ಅನ್ನಬಹುದು. ಪವರ್ ಬ್ಯಾಂಕ್ ಮಾತ್ರ ತಿರುಗಾಮುರುಗಾ: ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ನಿಗೆ ಹಾಕಬಾರದು.

ಮೂರನೆಯದನ್ನು ಹೇಳಲು ನಾಚಿಕೆಯಾದರೂ ಹೇಳುತ್ತೇನೆ. ಜುಲೈಯಲ್ಲಿ ಬೆಳಿಗ್ಗೆ ತೋಟಕ್ಕೊಂದು ಸುತ್ತು ಹೋಗಿ, ಹಾಗೇ ಹೊರಟು ಬಂದಿದ್ದೆ. ಸೆಕ್ಯುರಿಟಿಯವರು ಶೂ ಬಿಚ್ಚಿ ಅಂದರು. ಬಿಚ್ಚಿದರೆ ಕಾಲುಚೀಲ ಪೂರ್ತಿ ರಕ್ತ, ಪಕ್ಕದಲ್ಲಿ ಹೊಟ್ಟೆ ತುಂಬಿದ ಜಿಗಣೆ ದ್ರಾಕ್ಷಿಯ ಹಾಗೆ ಉರುಳಿ ಬಿತ್ತು. ಟ್ರೇ ಹಿಡಿದಿದ್ದ ಉತ್ತರದ ಹುಡುಗ ಎರಡು ಹೆಜ್ಜೆ ಹಿಂದೆ ಹಾರಿದ. ಇನ್ನೊಂದು ಜೊತೆ ಕಾಲುಚೀಲ ಕೈಚೀಲದಲ್ಲಿರಲಿ.

ಸಮಯದ ಲೆಕ್ಕ

ಲೌಂಜಿನೊಳಗೆ ಸಾಮಾನ್ಯವಾಗಿ ಎರಡರಿಂದ ಮೂರು ಗಂಟೆ ಮಾತ್ರ ಕೂರಲು ಬಿಡುತ್ತಾರೆ, ವಿಮಾನ ಹೊರಡುವುದಕ್ಕೆ ಮೂರು ಗಂಟೆ ಮೊದಲಿನಿಂದ ಪ್ರವೇಶ. ಐದು ಗಂಟೆ ಮೊದಲೇ ಬಂದು ಮುಟ್ಟಿದರೆ ಪ್ರಯೋಜನವಿಲ್ಲ. ಹಾಗೆ ಬಂದುಬಿಟ್ಟವರು ಎರಡನೇ ಟರ್ಮಿನಲ್ಲಿನ ಬಿದಿರಿನ ಕೆಲಸವನ್ನಾದರೂ ನೋಡಿ. 2022ರ ನವೆಂಬರ್ 11ರಂದು ಉದ್ಘಾಟನೆಯಾದ ಆ ಕಟ್ಟಡದ ಚಾವಣಿ ತುಂಬ ಬಿದಿರು, ಗೋಡೆಗಳಿಂದ ಇಳಿಬಿದ್ದ ಗಿಡಗಳು. ನಮ್ಮ ಪಕ್ಕದ ಮನೆ ಅಜ್ಜಿ ಮೊದಲ ಸಲ ತಲೆಯೆತ್ತಿ ನೋಡಿ ಕೇಳಿದ್ದು, "ಇಷ್ಟು ಬಿದಿರಿಗೆ ಎಷ್ಟು ಕಳಲೆ ಹಾಳು ಮಾಡಿದರೋ ಮಗಾ?"

ಚೆಕ್-ಇನ್ ಕೌಂಟರ್ ವಿಮಾನಕ್ಕೆ ಒಂದು ಗಂಟೆ ಮೊದಲು ಮುಚ್ಚುತ್ತದೆ, ಗೇಟು ಸುಮಾರು 25 ನಿಮಿಷ ಮೊದಲು. ಇವೆರಡರ ನಡುವೆ ಲೌಂಜಿಗೆ ಓಡುವುದು ದಂಡ. ಸೆಕ್ಯುರಿಟಿ ಮುಗಿದ ಮೇಲೆ ಕೈಯಲ್ಲಿ ಒಂದು ಗಂಟೆಗಿಂತ ಕಡಿಮೆ ಇದ್ದರೆ, ಸಾಲೂ ಇದ್ದರೆ, ನೇರ ಗೇಟಿಗೆ ನಡೆಯಿರಿ. ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ಮಾಡಿಕೊಂಡವರಿಗೆ ಹೊರಗಿನ ಬಾಗಿಲಲ್ಲಿ ಸಮಯ ಉಳಿಯುತ್ತದೆ. ಬೆಂಗಳೂರಿನಲ್ಲಿ ಇದು 2022ರ ಡಿಸೆಂಬರ್ 1ರಿಂದ ಇದೆ.

ನವೀಕರಿಸಿದ ಲೌಂಜಿನಲ್ಲಿ ಏನು ಸಿಗುತ್ತದೆ

ಹಳೆಯ ಲೌಂಜ್ ಅಂದರೆ ಹೀಗಿತ್ತು: ಅಂಟಂಟು ಸೋಫಾ, ಮೂಲೆಯಲ್ಲಿ ಟಿವಿ, ಆರಿದ ಉಪ್ಪಿಟ್ಟು, ಇಡೀ ಗೋಡೆಗೆ ಎರಡು ಪ್ಲಗ್. ಈಚೆಗೆ ಹೊಸದಾಗಿ ಮಾಡಿಸಿದ ಲೌಂಜ್‌ಗಳಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಅಲಂಕಾರವಲ್ಲ, ಜಾಗ ಹಂಚಿದ ರೀತಿ. ಉಣ್ಣುವವರಿಗೆ ಒಂದು ಕಡೆ ಮೇಜು ಕುರ್ಚಿ, ಲ್ಯಾಪ್‌ಟಾಪ್‌ನವರಿಗೆ ಅಡ್ಡ ಹಲಗೆ ಇಟ್ಟ ಗೂಡು, ಮಲಗುವವರಿಗೆ ದೀಪ ತಗ್ಗಿಸಿದ ಮೂಲೆಯಲ್ಲಿ ಒರಗು ಕುರ್ಚಿ, ಮಕ್ಕಳಿರುವವರಿಗೆ ಗಾಜಿನ ಬಾಗಿಲ ಹಿಂದೆ ಒಂದು ಕೋಣೆ. ಕುರ್ಚಿಯ ತೋಳಿನಲ್ಲೇ ಪ್ಲಗ್, ಅದರ ಪಕ್ಕ ಯುಎಸ್‌ಬಿ. ಒಳಗೆ ಹೋದ ಕೂಡಲೇ ತಟ್ಟೆ ಹಿಡಿಯಬೇಡಿ, ಇಡೀ ಜಾಗ ಒಂದು ಸುತ್ತು ಹಾಕಿ. ಜನ ಬಾಗಿಲ ಹತ್ತಿರವೇ ಗುಂಪಾಗಿರುತ್ತಾರೆ, ಒಳಮೂಲೆ ಖಾಲಿ ಇರುತ್ತದೆ.

ನಮ್ಮಂಥವರಿಗೆ ಎಲ್ಲಕ್ಕಿಂತ ಹೆಚ್ಚಿನದ್ದು ಸ್ನಾನದ ಕೋಣೆ. ರಾತ್ರಿ ಎರಡಕ್ಕೆ ಮನೆ ಬಿಟ್ಟವರಿಗೆ ಬೆಳಿಗ್ಗೆ ಎಂಟರ ಹೊತ್ತಿಗೆ ಒಂದು ಬಿಸಿನೀರಿನ ಸ್ನಾನ ಸಿಕ್ಕಿದರೆ ಮುಂದಿನ ದಿನವೇ ಬೇರೆ. ಇರುವುದು ಎರಡೋ ಮೂರೋ ಕೋಣೆ, ಆದ್ದರಿಂದ ಒಳಗೆ ಕಾಲಿಡುತ್ತಲೇ ರಿಸೆಪ್ಶನ್‌ನಲ್ಲಿ ಹೆಸರು ಬರೆಸಿ, ಆಮೇಲೆ ತಿಂಡಿ. ಟವೆಲ್, ಸೋಪು ಅವರೇ ಕೊಡುತ್ತಾರೆ. ಕೆಲವು ಕಡೆ ಸ್ನಾನಕ್ಕೆ ಬೇರೆ ದುಡ್ಡು ಇದೆ, ಕೆಲವು ಕಡೆ ಬಿಸಿನೆಸ್ ಕ್ಲಾಸಿನವರಿಗೆ ಮಾತ್ರ ಉಚಿತ. ಮೊದಲೇ ಕೇಳಿ. ಹಾಕಿಕೊಳ್ಳುವ ಬಟ್ಟೆ ಕೈಚೀಲದ ಮೇಲ್ಭಾಗದಲ್ಲಿರಲಿ. ಚೆಕ್-ಇನ್ ಬ್ಯಾಗಿಗೆ ಹಾಕಿಬಿಟ್ಟು ಒದ್ದೆ ತಲೆಯಲ್ಲಿ ಹಳೆ ಷರಟನ್ನೇ ತೊಟ್ಟವರನ್ನು ಕಂಡಿದ್ದೇನೆ.

ಊಟದ ವಿಷಯಕ್ಕೆ ಬರೋಣ. ದೋಸೆ, ಮೊಟ್ಟೆಗೆ ಒಂದು ಲೈವ್ ಕೌಂಟರ್ ಇರುತ್ತದೆ, ಅಲ್ಲಿ ನಿಂತು ಮಾಡಿಸಿಕೊಳ್ಳುವುದು ಒಳ್ಳೆಯದು. ಬಟ್ಟಲುಗಳಲ್ಲಿ ಕಾಯುತ್ತಾ ಕೂತ ಪದಾರ್ಥಗಳಲ್ಲಿ ಇಡ್ಲಿ, ಮೊಸರನ್ನ ಬಿಟ್ಟು ನಾನು ಬೇರೆ ಮುಟ್ಟುವುದಿಲ್ಲ. ತಿಂಡಿಯಿಂದ ಊಟಕ್ಕೆ ಬದಲಿಸುವ ಹೊತ್ತು, ಹನ್ನೊಂದರ ಆಸುಪಾಸು, ಅರ್ಧ ಗಂಟೆ ಏನೂ ಇರುವುದಿಲ್ಲ. ಆ ಹೊತ್ತಿಗೆ ಸಿಕ್ಕಿಹಾಕಿಕೊಳ್ಳಬೇಡಿ. ಬಿಸಿನೆಸ್ ಕ್ಲಾಸಿನವರಿಗೆ ವಿಮಾನದಲ್ಲಿ ಹೇಗೂ ಊಟ ಬರುತ್ತದೆ, ಲೌಂಜಿನಲ್ಲಿ ಹೊಟ್ಟೆ ಬಿರಿಯಬೇಡಿ. ಕಡಿಮೆ ದರದ ವಿಮಾನದಲ್ಲಿ ಎಕಾನಮಿ ಟಿಕೆಟ್ ಇರುವವರು ಇಲ್ಲೇ ಸರಿಯಾಗಿ ಉಂಡುಕೊಳ್ಳಿ, ಮೇಲೆ ಸ್ಯಾಂಡ್‌ವಿಚ್ಚಿಗೂ ದುಡ್ಡು. ಕಟ್ಟಿಕೊಂಡು ಹೋಗಲು ಬಿಡುವುದಿಲ್ಲ. ನಮ್ಮ ಪಂದಿ ಕರಿ, ಅಕ್ಕಿ ಕಡುಂಬುಟ್ಟು ಹುಡುಕಲೂ ಬೇಡಿ.

ಕಾಫಿ ಬಗ್ಗೆ ಮಾತ್ರ ನನಗೊಂದು ಸಿಟ್ಟಿದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವುದು ನಮ್ಮ ಜಿಲ್ಲೆ, ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಬಂತು. ಲೌಂಜಿನಲ್ಲಿ ಗುಂಡಿ ಒತ್ತಿದರೆ ಬರುವುದು ನೊರೆ. ಹೊಸ ಲೌಂಜ್‌ಗಳಲ್ಲಿ ಕೆಲವು ಕಡೆ ಯಂತ್ರದ ಪಕ್ಕ ಒಬ್ಬ ಮನುಷ್ಯ ನಿಂತು ಫಿಲ್ಟರ್ ಕಾಫಿ ಕೊಡುತ್ತಾನೆ, ಅವನನ್ನು ಹುಡುಕಿ. "ಸಕ್ಕರೆ ಬೇಡ, ಡಿಕಾಕ್ಷನ್ ಜಾಸ್ತಿ" ಅಂದರೆ ಸಾಕು. ಯಂತ್ರವೇ ಗತಿಯಾದರೆ ಎಸ್‌ಪ್ರೆಸ್ಸೊ ಗುಂಡಿ ಒತ್ತಿ, ಪಕ್ಕದ ಬಿಸಿ ಹಾಲನ್ನು ನೀವೇ ಸೇರಿಸಿಕೊಳ್ಳಿ. ಬೆಲ್ಲದ ಕಾಫಿ ಬೇಕಾದವರು ಜೇಬಿನಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಳ್ಳಿ. ನಾನು ಇಟ್ಟುಕೊಳ್ಳುತ್ತೇನೆ, ಯಾರೂ ಏನೂ ಅಂದಿಲ್ಲ.

ಬಾರ್ ಇರುವ ಲೌಂಜ್‌ಗಳಲ್ಲಿ ಕುಡಿಯುವುದು ಬಹುಪಾಲು ದುಡ್ಡಿಗೆ, ಕೆಲವು ಕಾರ್ಡುಗಳಿಗೆ ಒಂದೋ ಎರಡೋ ಸೇರಿರುತ್ತದೆ. ದೇಶದೊಳಗಿನ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಆದರೂ ಮದ್ಯ ಕೊಡುವುದಿಲ್ಲ. ಅದಕ್ಕೆ ಅಂತ ಕೆಳಗೇ ತುಂಬಿಸಿಕೊಂಡು ಗೇಟಿನಲ್ಲಿ ತೂರಾಡಿದರೆ ಹತ್ತಿಸದೆ ಇರುವ ಅಧಿಕಾರ ಅವರಿಗಿದೆ.

ವಯಸ್ಸಾದವರಿಗೆ ವ್ಹೀಲ್‌ಚೇರ್ ಹೇಳಿದ್ದರೆ ತಳ್ಳುವ ಹುಡುಗ ಅವರನ್ನು ಸೀದಾ ಗೇಟಿಗೆ ಒಯ್ದು ಬಿಟ್ಟುಬಿಡುತ್ತಾನೆ. ಲೌಂಜಿಗೆ ಹೋಗಬೇಕು ಅಂತ ಸೆಕ್ಯುರಿಟಿ ದಾಟಿದ ಕೂಡಲೇ ಹೇಳಿ, ಎಷ್ಟು ಗಂಟೆಗೆ ವಾಪಸ್ ಬರಬೇಕು ಅಂತಲೂ ಹೇಳಿ, ಸಾಧ್ಯವಾದರೆ ಅವನ ಫೋನ್ ನಂಬರ್ ತೆಗೆದುಕೊಳ್ಳಿ.

ದುಡ್ಡು ಕೊಟ್ಟು ಹೋಗಬೇಕೇ

ಕಾರ್ಡೂ ಇಲ್ಲ, ಬಿಸಿನೆಸ್ ಟಿಕೆಟೂ ಇಲ್ಲ ಅನ್ನುವವರು ಕೌಂಟರಿನಲ್ಲಿ ದರ ಕೇಳಿ, ಒಂದು ಲೆಕ್ಕ ಹಾಕಿ. ಹೊರಗೆ ನೀವು ಹೇಗೂ ಮಾಡುವ ತಿಂಡಿ, ಕಾಫಿ, ನೀರಿನ ಖರ್ಚನ್ನು ಅದರಿಂದ ಕಳೆಯಿರಿ. ಉಳಿದದ್ದು ಕುರ್ಚಿ ಮತ್ತು ಸ್ನಾನದ ಬೆಲೆ. ಎರಡು ಗಂಟೆಗಿಂತ ಹೆಚ್ಚು ಕಾಯುವುದಿದ್ದರೆ, ಜೊತೆಗೆ ವಯಸ್ಸಾದವರೋ ಸಣ್ಣ ಮಗುವೋ ಇದ್ದರೆ ನಾನು ಕೊಡಿ ಅನ್ನುತ್ತೇನೆ. ಒಬ್ಬರೇ, ಗಟ್ಟಿಮುಟ್ಟು, ಒಂದು ಗಂಟೆ ಮಾತ್ರ ಅಂದರೆ ಬೇಡ. ಲೌಂಜ್ ಸಿಗುತ್ತದೆ ಅಂತಲೇ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಯುವುದಂತೂ ಬೇಡವೇ ಬೇಡ. ಅಂಗಡಿಯವನಾಗಿ ನನಗೆ ಕಮಿಷನ್ ಹೋದರೂ ಇದನ್ನು ಹೇಳುತ್ತೇನೆ.

ಹೊರಡುವ ಹೊತ್ತು, ತಡವಾದರೆ

ಈಗ ಅನೇಕ ನಿಲ್ದಾಣಗಳಲ್ಲಿ ಬೋರ್ಡಿಂಗ್ ಅಂತ ಕೂಗುವುದನ್ನೇ ನಿಲ್ಲಿಸಿದ್ದಾರೆ. ಲೌಂಜಿನ ಒರಗು ಕುರ್ಚಿಯಲ್ಲಿ ನಿದ್ದೆ ಹೋದರೆ ಎಬ್ಬಿಸಲು ಯಾರೂ ಬರುವುದಿಲ್ಲ. ವಿಮಾನಕ್ಕೆ ಒಂದು ಗಂಟೆ ಇದೆ ಅನ್ನುವಾಗ ಫೋನಿನಲ್ಲಿ ಅಲಾರಂ ಇಡಿ, ಗೋಡೆಯ ಪರದೆಯಲ್ಲಿ ಗೇಟ್ ನಂಬರ್ ಮತ್ತೊಮ್ಮೆ ನೋಡಿ, ಏಕೆಂದರೆ ಬೋರ್ಡಿಂಗ್ ಪಾಸಿನಲ್ಲಿ ಬರೆದದ್ದು ಬದಲಾಗಿರಬಹುದು. ನಲವತ್ತೈದು ನಿಮಿಷ ಇರುವಾಗ ಎದ್ದು ನಡೆಯಿರಿ. ದೂರದ ಗೇಟಾದರೆ ಹತ್ತು ಹದಿನೈದು ನಿಮಿಷದ ನಡಿಗೆ.

ವಿಮಾನ ತಡವಾದರೆ ಲೌಂಜಿನ ಗಡುವು ತಾನಾಗಿ ಬೆಳೆಯುವುದಿಲ್ಲ, ರಿಸೆಪ್ಶನ್‌ನಲ್ಲಿ ಕೇಳಬೇಕು. ಜನ ಕಡಿಮೆ ಇದ್ದರೆ ಬಿಡುತ್ತಾರೆ. ಬಿಡದಿದ್ದರೂ ನಿಮ್ಮ ಹಕ್ಕು ಬೇರೆ ಇದೆ: ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ ಎರಡೂವರೆ ಗಂಟೆಯವರೆಗಿನ ಹಾರಾಟ ಎರಡು ಗಂಟೆ ತಡವಾಗುವುದಿದ್ದರೆ ವಿಮಾನ ಕಂಪನಿ ತಿನ್ನಲು ಕುಡಿಯಲು ಕೊಡಬೇಕು. ಆರು ಗಂಟೆಗಿಂತ ಹೆಚ್ಚಾದರೆ ಬೇರೆ ವಿಮಾನ ಅಥವಾ ದುಡ್ಡು ವಾಪಸ್ ಕೇಳಬಹುದು. ಕೇಳಬೇಕಾದ್ದು ಗೇಟಿನ ಸಿಬ್ಬಂದಿಯನ್ನು, ಲೌಂಜಿನ ಹುಡುಗಿಯನ್ನಲ್ಲ. ಅವಳ ಮೇಲೆ ರೇಗಿ ಪ್ರಯೋಜನವಿಲ್ಲ.

ವಾಪಸ್ ಬರುವಾಗ

ಇಳಿದ ಮೇಲೆ ದೇಶದೊಳಗಿನ ಲೌಂಜಿಗೆ ಪ್ರವೇಶವಿಲ್ಲ, ಅದು ಹೊರಡುವವರಿಗೆ ಮಾತ್ರ. ಬ್ಯಾಗ್ ಬರುವ ಬೆಲ್ಟಿನ ಹತ್ತಿರದ ಶೌಚಾಲಯದಲ್ಲೇ ಮುಖ ತೊಳೆದು ಹೊರಡಬೇಕು. ಕೆಎಸ್‌ಆರ್‌ಟಿಸಿ ಫ್ಲೈಬಸ್ ಟರ್ಮಿನಲ್ ಹೊರಗಿನಿಂದಲೇ ಮೈಸೂರಿಗೂ ಮಡಿಕೇರಿಗೂ ಇದೆ. ವೇಳೆ ಆಗಾಗ ಬದಲಾಗುತ್ತದೆ, ವಿಮಾನ ಹತ್ತುವ ಮುಂಚೆಯೇ ಸೀಟು ಬುಕ್ ಮಾಡಿ, ಇಳಿಯುವ ಸಮಯಕ್ಕೂ ಬಸ್ಸಿಗೂ ಕನಿಷ್ಠ ಒಂದೂವರೆ ಗಂಟೆ ಇರಲಿ. ಸ್ವಂತ ಕಾರಿನವರು ಡ್ರೈವರಿಗೆ ಬ್ಯಾಗ್ ಕೈಗೆ ಬಂದ ಮೇಲೆ ಫೋನ್ ಮಾಡಿ, ಮೊದಲೇ ಕರೆದರೆ ಬಾಗಿಲ ಮುಂದೆ ನಿಲ್ಲಿಸಲು ಬಿಡುವುದಿಲ್ಲ, ಸುತ್ತು ಹಾಕುತ್ತಲೇ ಇರಬೇಕಾಗುತ್ತದೆ. ಹುಣಸೂರು ದಾಟುವ ಮುಂಚೆ ಒಂದು ಕಾಫಿ ಕುಡಿದುಕೊಳ್ಳಿ. ಆಮೇಲೆ ಕಾಡು, ಅಲ್ಲಿ ನಿಲ್ಲಿಸುವ ಹಾಗಿಲ್ಲ.